ಟನ್ನು, ತಾಸು, ತಲೆ: ಬಂದರಿನ ಅಳತೆಗಳ ಚರಿತ್ರೆ

ಬಂದರಿನ ಕೆಲಸವನ್ನು ಲೆಕ್ಕಕ್ಕೆ ತರುವ ಪದ್ಧತಿ ಸುಂಕದ ಕಟ್ಟೆಯಲ್ಲಿ ಹುಟ್ಟಿತು. ಹಡಗು ಎಷ್ಟು ಬೇಗ ಖಾಲಿಯಾಯಿತು, ಕೂಲಿಯಾಳುಗಳ ತಂಡ ಪಾಳಿಯೊಂದಕ್ಕೆ ಎಷ್ಟು ಮೂಟೆ ಇಳಿಸಿತು ಎಂಬ ಪ್ರಶ್ನೆಗಳು ಬಹಳ ಕಾಲದ ಮೇಲೆ ಬಂದವು. ಮೊದಲಿಗೆ ಇದ್ದ ಪ್ರಶ್ನೆ ಒಂದೇ: ಈ ಹಡಗಿನಿಂದ ಅರಸನಿಗೆ ಸಲ್ಲಬೇಕಾದದ್ದೆಷ್ಟು? ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನಿಗೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಸಮುದ್ರ, ನದೀಮುಖ, ಕೆರೆಗಳ ಮೇಲಿನ ಸಂಚಾರವೆಲ್ಲ ಅವನ ಹೊಣೆ. ವರ್ತಕರು ಆಯಾ ಬಂದರಿನ ರೂಢಿಯಂತೆ ಸುಂಕ ಕಟ್ಟಬೇಕು. ಅರಸನ ಹಡಗಿನಲ್ಲಿ ಬಂದವರು ಪ್ರಯಾಣದ ಬಾಡಿಗೆ ಕೊಡಬೇಕು. ನೀರು ತಾಗಿ ಕೆಟ್ಟ ಸರಕಿಗೆ ಸುಂಕ ಬಿಡಬೇಕು, ಇಲ್ಲವೇ ಅರ್ಧಕ್ಕೆ ಇಳಿಸಬೇಕು. ಬಿರುಗಾಳಿಗೆ ಸಿಕ್ಕು ಬಂದ ಹಡಗಿಗೆ ಆಸರೆ ಕೊಡುವುದೂ ಅವನ ಕರ್ತವ್ಯವೇ. ಸರಕಿನ ಲೆಕ್ಕ ಬೇರೆ, ಜನರ ಲೆಕ್ಕ ಬೇರೆ ಎಂಬ ತಿಳಿವಳಿಕೆ ಇಲ್ಲಿ ಆಗಲೇ ಮೂಡಿದೆ. ಆಧುನಿಕ ಬಂದರುಗಳು ಇದನ್ನು ಮತ್ತೆ ಕಲಿಯಲು ಬಹಳ ಸಮಯ ತೆಗೆದುಕೊಂಡವು.

ಸುಂಕದ ಬೆನ್ನಿಗೆ ಬಂದದ್ದು ಹಡಗಿನ ಗಾತ್ರದ ಅಳತೆ. ಮಧ್ಯಯುಗದಲ್ಲಿ ಬೋರ್ಡೋ ಪಟ್ಟಣದಿಂದ ಇಂಗ್ಲೆಂಡಿಗೆ ದ್ರಾಕ್ಷಾರಸ ಒಯ್ಯುತ್ತಿದ್ದ ಹಡಗುಗಳನ್ನು ಅವುಗಳಲ್ಲಿ ಎಷ್ಟು ದೊಡ್ಡ ಪೀಪಾಯಿ ಹಿಡಿಸುತ್ತವೆ ಎಂಬುದರಿಂದ ಗುರುತಿಸುತ್ತಿದ್ದರು. ಮುಂದೆ ಪೀಪಾಯಿಗಳ ಎಣಿಕೆ ಹೋಗಿ ಸೂತ್ರಗಳು ಬಂದವು. 1773ರಲ್ಲಿ ಬ್ರಿಟನ್ ಕಾನೂನಿನ ಮೂಲಕ ಒಪ್ಪಿಕೊಂಡ ಸೂತ್ರದಲ್ಲಿ ಉದ್ದ ಮತ್ತು ಅಗಲವನ್ನು ಮಾತ್ರ ಅಳೆಯುತ್ತಿದ್ದರು; ಆಳವು ಅಗಲದ ಅರ್ಧದಷ್ಟು ಎಂದು ಹಿಡಿಯುತ್ತಿದ್ದರು. ಶುಲ್ಕ ಬೀಳುತ್ತಿದ್ದುದು ಈ ಲೆಕ್ಕದ ಮೇಲೆ; ಹಡಗು ಕಟ್ಟುವವರಿಗೆ ಇಷ್ಟು ಸಾಕಾಯಿತು. ಅಗಲ ಕಿರಿದು ಮಾಡಿ ಆಳ ಹಿಗ್ಗಿಸಿದರೆ ಶುಲ್ಕ ಏರದೆ ಸರಕು ಏರುತ್ತದೆ. ಹೀಗೆ ಎರಡು ಮೂರು ತಲೆಮಾರು ಬ್ರಿಟನ್ನಿನ ವ್ಯಾಪಾರಿ ಹಡಗುಗಳು ಕಿರಿದಾದ, ಆಳವಾದ, ಕಡಲಿನಲ್ಲಿ ಅಪಾಯಕಾರಿಯಾದ ರೂಪ ತಾಳಿದವು. ಹಡಗಿನ ಆಕಾರವನ್ನು ಗಾಳಿ, ಅಲೆಗಳಿಗಿಂತ ಹೆಚ್ಚಾಗಿ ಶುಲ್ಕದ ಸೂತ್ರವೊಂದು ತೀರ್ಮಾನಿಸಿತು. ಬಂದರಿನ ಅಳತೆಗಳ ಚರಿತ್ರೆಯಲ್ಲಿ ಇದು ಮೊದಲ ದೊಡ್ಡ ಪಾಠ. ಯಾವುದನ್ನು ಅಳೆಯಲಾಗುತ್ತದೋ ಅದಕ್ಕೆ ತಕ್ಕಂತೆ ಅಳೆಸಿಕೊಳ್ಳುವವನು ಬದಲಾಗುತ್ತಾನೆ ಎಂಬುದು ಮುಂದೆಯೂ ಹೆಜ್ಜೆಹೆಜ್ಜೆಗೆ ಕಾಣಿಸುತ್ತದೆ.

1854ರಲ್ಲಿ ಬ್ರಿಟನ್ ಮೂರ್ಸಮ್ ಪದ್ಧತಿಗೆ ಬಂತು. ಹಡಗಿನ ಮುಚ್ಚಿದ ಒಳಜಾಗವನ್ನು ನಿಜವಾಗಿ ಅಳೆದು, ಪ್ರತಿ 100 ಘನ ಅಡಿಗೆ ಒಂದು ಟನ್ ಎಂದು ಲೆಕ್ಕ ಹಾಕುವ ಕ್ರಮ ಇದು. 1969ರ ಅಂತರರಾಷ್ಟ್ರೀಯ ಒಪ್ಪಂದ 1982ರಲ್ಲಿ ಜಾರಿಯಾಗಿ, ಲೋಕದ ಹಡಗುಗಳಿಗೆಲ್ಲ ಒಂದೇ ಸೂತ್ರದ ಒಟ್ಟು ಟನ್ನೇಜ್ ಸಿಕ್ಕಿತು. ಇದು ತೂಕದ ಲೆಕ್ಕವಲ್ಲ, ಮುಚ್ಚಿದ ಜಾಗದ ಲೆಕ್ಕ. ಅದಿರು ತುಂಬಿದ ಹಡಗಿಗೆ ಈ ವ್ಯತ್ಯಾಸ ದೊಡ್ಡದಾಗಿ ತಟ್ಟುವುದಿಲ್ಲ. ಆದರೆ ಹತ್ತಾರು ಮಹಡಿಗಳ ಕೋಣೆ, ಸಭಾಂಗಣ, ಊಟದ ಮನೆಗಳಿರುವ ಪ್ರವಾಸಿ ಹಡಗಿಗೆ ಅದು ಹೊರೆಯಾಗಿ ಬಂತು.

ಮಂಗಳೂರಿನ ಹಳೆಯ ಬಂದರಿಗೆ ಈ ಸೂತ್ರಗಳಿಗಿಂತ ಹಿಂದಿನ ಚರಿತ್ರೆಯಿದೆ. ಆರನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಸ್, ಮೆಣಸು ಸಾಗುವ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಮಂಗಳೂರನ್ನು ಹೆಸರಿಸಿದ್ದಾನೆ. 12ನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇಲ್ಲಿ ಹಲವು ವರ್ಷ ನೆಲಸಿದ್ದ. ಅವನ ವ್ಯವಹಾರದ ಪತ್ರಗಳು ಕೈರೋದ ಗೆನಿಜಾ ಸಂಗ್ರಹದಲ್ಲಿ ಉಳಿದುಬಂದಿವೆ. ಮಂಗಳೂರಿನಿಂದ ಹೊರಟ ಮೆಣಸು, ಅಡಿಕೆ, ಕಬ್ಬಿಣದ ತೂಕ, ಏಡನ್ ಬಂದರಿನಲ್ಲಿ ಕಟ್ಟಿದ ಸುಂಕ, ದಾರಿಯ ಖರ್ಚು ಇವೆಲ್ಲ ಆ ಪತ್ರಗಳ ಲೆಕ್ಕದಲ್ಲಿ ಬರುತ್ತವೆ. ಈ ಕರಾವಳಿಯ ಬಂದರಿಗೆ ಸಂಬಂಧಿಸಿದ ಇಷ್ಟು ಹಳೆಯ, ಇಷ್ಟು ವಿವರವಾದ ವರ್ತಕನ ಲೆಕ್ಕ ಉಳಿದಿರುವುದೇ ಒಂದು ಭಾಗ್ಯ. ಎರಡು ಶತಮಾನಗಳ ನಂತರ ಬಂದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಪರ್ಷಿಯಾ ಮತ್ತು ಯೆಮನ್ನಿನ ವರ್ತಕರನ್ನು ಕಂಡ.

ಈ ಬಂದರಿನ ನಿಜವಾದ ಯಜಮಾನ ಮಾತ್ರ ಅಳಿವೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲು ಸೇರುವಲ್ಲಿ ಮರಳಿನ ದಿಬ್ಬ ಕಟ್ಟಿಕೊಳ್ಳುತ್ತದೆ. ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಸರಕನ್ನು ದೋಣಿಗಳಲ್ಲಿ ತುಂಬಿ ಭರತದ ಹೊತ್ತು ನೋಡಿ ಅಳಿವೆ ದಾಟಿಸಬೇಕಿತ್ತು. ಮುಂಗಾರು ಎದ್ದರೆ ತಿಂಗಳುಗಟ್ಟಲೆ ಬಂದರಿನ ಬಾಗಿಲು ಮುಚ್ಚುತ್ತಿತ್ತು. ಕೊಡಗು, ಚಿಕ್ಕಮಗಳೂರುಗಳ ಕಾಫಿ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಹಂಚು, ಮೆಣಸು, ಗೋಡಂಬಿ ಎಲ್ಲವೂ ಕಡಲು ಶಾಂತವಾಗಿರುವ ತಿಂಗಳುಗಳಿಗೆ ಕಾದು ಹೊರಡುತ್ತಿದ್ದವು. ಮುಂಬಯಿಯಿಂದ ಕಾರವಾರ, ಹೊನ್ನಾವರಗಳನ್ನು ಮುಟ್ಟಿ ಬರುತ್ತಿದ್ದ ಉಗಿಹಡಗುಗಳ ಪ್ರಯಾಣಿಕರೂ ದೋಣಿಯಲ್ಲೇ ದಡ ಸೇರಬೇಕು. ಇಂಥ ಕಡೆ ಹಡಗು ಎಷ್ಟು ದಿನ ನಿಂತಿತೆಂಬ ಲೆಕ್ಕ ಯಾರ ದಕ್ಷತೆಯನ್ನೂ ಹೇಳುವುದಿಲ್ಲ. ಸಾಮಾನಿನ ಲೆಕ್ಕ ಸುಂಕದವನ ಬಳಿ, ದೋಣಿಯ ಲೆಕ್ಕ ಅದರ ಮುಖ್ಯಸ್ಥ ತಂಡೇಲನ ಬಳಿ, ಹೊತ್ತಿನ ಲೆಕ್ಕ ಕಡಲಿನ ಬಳಿ ಇದ್ದ ಕಾಲ ಅದು.

ಬಂದರನ್ನು ಒಂದು ಸಂಸ್ಥೆಯಾಗಿ ಕಂಡು ಅದಕ್ಕೆ ಆಯವ್ಯಯ, ಮಂಡಳಿ, ವಾರ್ಷಿಕ ವರದಿಗಳನ್ನು ಕೊಟ್ಟದ್ದು 19ನೆಯ ಶತಮಾನ. ಲಂಡನ್ನಿನಲ್ಲಿ 1802ರ ವೆಸ್ಟ್ ಇಂಡಿಯಾ ಡಾಕ್ ಎತ್ತರದ ಗೋಡೆ ಕಟ್ಟಿ ಸರಕಿನ ಕಳವನ್ನು ತಡೆಯಿತು. ನಿಯಂತ್ರಣ ಎಂದರೆ ಆಗ ಮುಖ್ಯವಾಗಿ ಕಾವಲು. ಭಾರತದಲ್ಲಿ 1870ರಲ್ಲಿ ಕಲ್ಕತ್ತಾ ಬಂದರಿಗೆ ಕಮಿಷನರುಗಳು ಬಂದರು, 1873ರಲ್ಲಿ ಬಾಂಬೆ ಪೋರ್ಟ್ ಟ್ರಸ್ಟ್ ರೂಪುಗೊಂಡಿತು, 1905ರಲ್ಲಿ ಮದರಾಸು ಅದೇ ದಾರಿ ಹಿಡಿಯಿತು. ಬಾಂಬೆಯ ಟ್ರಸ್ಟ್ 1880ರಲ್ಲಿ ಪ್ರಿನ್ಸಸ್ ಡಾಕ್, 1888ರಲ್ಲಿ ವಿಕ್ಟೋರಿಯಾ ಡಾಕ್, 1914ರಲ್ಲಿ ಅಲೆಕ್ಸಾಂಡ್ರಾ ಡಾಕ್ ತೆರೆಯಿತು. ಇವುಗಳಿಗೆಲ್ಲ ಸಾಲ ಬೇಕು. ಸಾಲ ಕೊಟ್ಟವರಿಗೆ ಲೆಕ್ಕ ಬೇಕು. ಮಂಡಳಿಯಲ್ಲಿ ವರ್ತಕರ ಸಂಘದವರು ಕೂರುತ್ತಿದ್ದುದರಿಂದ ಶುಲ್ಕ ಏರಬಾರದೆಂಬ ಒತ್ತಾಯವೂ ಸದಾ ಇತ್ತು. ಹೀಗಾಗಿ ಎಷ್ಟು ಹಡಗು ಬಂದವು, ಎಷ್ಟು ಟನ್ ಸರಕು ದಾಟಿತು, ಆದಾಯದಲ್ಲಿ ಎಷ್ಟು ಪಾಲು ಖರ್ಚಿಗೆ ಹೋಯಿತು ಎಂಬ ಮೂರು ಅಂಕಿಗಳು ವಾರ್ಷಿಕ ವರದಿಯ ಬೆನ್ನೆಲುಬಾದವು. ಮೂರನೆಯದು ಇಂದಿಗೂ ಆಪರೇಟಿಂಗ್ ರೇಷಿಯೋ ಎಂಬ ಹೆಸರಿನಲ್ಲಿ ಬಂದರಿನ ಹಣಕಾಸಿನ ಆರೋಗ್ಯದ ಸೂಚಕವಾಗಿದೆ. ಕೂಲಿಯಾಳಿನ ಬೆನ್ನಿನ ಲೆಕ್ಕ ಮಾತ್ರ ಈ ವರದಿಗಳಲ್ಲಿ ಇರಲಿಲ್ಲ. ಅವನು ದಿನಗೂಲಿಯವನು, ಬೆಳಗ್ಗೆ ಗೇಟಿನ ಮುಂದೆ ನಿಂತು ಮೇಸ್ತ್ರಿಯ ಕಣ್ಣಿಗೆ ಬಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಕೊರತೆಗೆ ಉತ್ತರವಾಗಿ 1948ರ ಡಾಕ್ ಕಾರ್ಮಿಕರ ಕಾಯ್ದೆ ಬಂತು. ಅದರ ಅಡಿಯಲ್ಲಿ 1950ರ ದಶಕದಲ್ಲಿ ಮುಂಬಯಿ, ಕಲ್ಕತ್ತಾ, ಮದರಾಸುಗಳಲ್ಲಿ ಕಾರ್ಮಿಕ ಮಂಡಳಿಗಳಾದವು. ಹೆಸರು ನೋಂದಾಯಿಸಿದ ಕಾರ್ಮಿಕನಿಗೆ ಸರದಿಯ ಮೇಲೆ ಕೆಲಸ, ಕೆಲಸ ಸಿಗದ ದಿನಕ್ಕೂ ಹಾಜರಿ ಭತ್ಯೆ. ಇದು ದುಡಿಯುವವನ ಘನತೆಗೆ ಸಂದ ದೊಡ್ಡ ಜಯ. ಇದರ ಜೊತೆಗೇ ಹೊಸ ಅಳತೆಯೊಂದು ಬಂತು. ಒಂದು ತಂಡ ಒಂದು ಪಾಳಿಯಲ್ಲಿ ಕನಿಷ್ಠ ಎಷ್ಟು ಟನ್ ಸರಕು ಏರಿಸಬೇಕು ಅಥವಾ ಇಳಿಸಬೇಕು ಎಂಬ ಗುರಿಯನ್ನು ಸರಕಿನ ಬಗೆಗೆ ತಕ್ಕಂತೆ ಗೊತ್ತುಮಾಡಿ, ಅದನ್ನು ಮೀರಿದ ಕೆಲಸಕ್ಕೆ ಪ್ರೋತ್ಸಾಹಧನ ಕೊಡುವ ಕ್ರಮ. ಟ್ಯಾಲಿ ಗುಮಾಸ್ತನ ಪಟ್ಟಿಯೇ ಇದಕ್ಕೆ ಆಧಾರ. ಅಕ್ಕಿಮೂಟೆ, ಹತ್ತಿಯ ಬೇಲು, ಮರದ ದಿಮ್ಮಿ ಒಂದೊಂದಕ್ಕೂ ಒಂದೊಂದು ಗುರಿ. ವರ್ಷಗಳು ಕಳೆದಂತೆ ಯಂತ್ರಗಳು ಬಂದವು, ಮೂಟೆಗಳ ಗಾತ್ರ ಬದಲಾಯಿತು. ಗುರಿಗಳು ಮಾತ್ರ ಒಪ್ಪಂದದ ಕಾಗದದಲ್ಲಿ ಹಾಗೇ ಉಳಿದವು. ಆಗ ಸಣ್ಣ ಕೆಲಸಕ್ಕೂ ದೊಡ್ಡ ಪ್ರೋತ್ಸಾಹಧನ ಸಿಗತೊಡಗಿತು. ಕಾರ್ಮಿಕರ ಮೇಲೆ ಇದರ ತಪ್ಪು ಹೊರಿಸುವುದು ಸರಿಯಲ್ಲ. ಅಳತೆಯನ್ನು ಕಾಲಕಾಲಕ್ಕೆ ತಿದ್ದಬೇಕಾದ ಆಡಳಿತ ಅದನ್ನು ಮಾಡಲಿಲ್ಲ.

1956ರ ಏಪ್ರಿಲ್ 26ರಂದು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ಐಡಿಯಲ್ ಎಕ್ಸ್ ಎಂಬ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ನಿಗೆ ಹೊರಟಿತು. ಮಾಲ್ಕಮ್ ಮೆಕ್‌ಲೀನ್ ಎಂಬ ಲಾರಿ ಉದ್ಯಮಿಯ ಸಾಹಸ ಅದು. ಕಂಟೇನರ್ ಬಂದ ಮೇಲೆ ಬಂದರಿನ ಮುಖ್ಯ ಅಳತೆ ಟನ್ನಿನಿಂದ ತಾಸಿಗೆ ಸರಿಯಿತು. ಪೆಟ್ಟಿಗೆಯೊಳಗೆ ಏನಿದೆ, ಎಷ್ಟು ತೂಕವಿದೆ ಎಂಬುದು ಕ್ರೇನಿನವನಿಗೆ ಹೆಚ್ಚು ಮುಖ್ಯವಲ್ಲ. ತಾಸಿಗೆ ಎಷ್ಟು ಪೆಟ್ಟಿಗೆ ಎತ್ತಿದ ಎಂಬುದು ಮುಖ್ಯ. ಹಡಗುಗಳು ದೊಡ್ಡದಾಗಿ ದುಬಾರಿಯಾದಂತೆ ಅವು ಕಟ್ಟೆಗೆ ತಾಗಿ ಸುಮ್ಮನೆ ನಿಲ್ಲುವ ಪ್ರತಿ ತಾಸೂ ನಷ್ಟವೆನಿಸಿತು. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನವು 1976ರಲ್ಲಿ ಬಂದರುಗಳ ಕಾರ್ಯಕ್ಷಮತೆಯ ಸೂಚಕಗಳ ಬಗ್ಗೆ ಒಂದು ಕೈಪಿಡಿ ಹೊರತಂದಿತು. ಹಣಕಾಸಿನ ಸೂಚಕಗಳು ಒಂದು ಕಡೆ, ಕೆಲಸದ ಸೂಚಕಗಳು ಇನ್ನೊಂದು ಕಡೆ ಎಂಬ ವಿಂಗಡಣೆ ಅದರಿಂದ ಬಡ ರಾಷ್ಟ್ರಗಳ ಬಂದರು ಕಚೇರಿಗಳವರೆಗೂ ಹೋಯಿತು.

ಭಾರತದ ಪ್ರಮುಖ ಬಂದರುಗಳು ಹಿಡಿದುಕೊಂಡ ಕೆಲಸದ ಸೂಚಕಗಳನ್ನು ಇಲ್ಲಿ ತುಸು ವಿವರವಾಗಿ ನೋಡಬೇಕು, ಏಕೆಂದರೆ ಬಂದರಿನ ಮೇಲಿನ ಎಲ್ಲ ವಾದವೂ ಇವುಗಳ ಸುತ್ತಲೇ ನಡೆಯುತ್ತದೆ. ಹಡಗು ಬಂದರಿನ ಹೊರವಲಯಕ್ಕೆ ಬಂದು ವರದಿ ಮಾಡಿದ ಕ್ಷಣದಿಂದ ಕೆಲಸ ಮುಗಿಸಿ ಮತ್ತೆ ಅದೇ ಸ್ಥಳ ದಾಟುವವರೆಗಿನ ಒಟ್ಟು ಹೊತ್ತು ಟರ್ನ್ ರೌಂಡ್ ಸಮಯ. ಅದರೊಳಗೆ ಕಟ್ಟೆ ಸಿಗದೆ ಹೊರಗೆ ಕಾದ ಹೊತ್ತು ಒಂದು ಭಾಗ. ಕಟ್ಟೆಗೆ ತಾಗಿದ ಮೇಲೂ ಕೆಲಸವಿಲ್ಲದೆ ಕಳೆದ ಹೊತ್ತು ಇನ್ನೊಂದು ಭಾಗ. ಕಟ್ಟೆಯಲ್ಲಿದ್ದ ಪ್ರತಿ ದಿನಕ್ಕೆ ಸರಾಸರಿ ಎಷ್ಟು ಟನ್ ದಾಟಿತು ಎಂಬುದು ಹಡಗು-ದಿನದ ಉತ್ಪಾದನೆ. ವರ್ಷದಲ್ಲಿ ಎಷ್ಟು ಪಾಲು ದಿನ ಕಟ್ಟೆಯಲ್ಲಿ ಹಡಗಿತ್ತು ಎಂಬುದು ಕಟ್ಟೆಯ ಬಳಕೆ. ಈ ಕೊನೆಯದರ ಸ್ವಭಾವ ವಿಚಿತ್ರ: ತೀರ ಕಡಿಮೆಯಾದರೆ ಕಟ್ಟೆ ಕಟ್ಟಿದ ಹಣ ದಂಡ, ತೀರ ಹೆಚ್ಚಾದರೆ ಹೊರಗೆ ಹಡಗುಗಳ ಸಾಲು ಬೆಳೆಯುತ್ತದೆ. ಕಾಯುವಿಕೆಯನ್ನು ಬಂದರಿನ ಕಾರಣಕ್ಕೆ ಆದದ್ದು, ಹಡಗಿನ ಅಥವಾ ವರ್ತಕನ ಕಾರಣಕ್ಕೆ ಆದದ್ದು ಎಂದು ಎರಡು ಖಾತೆಗೆ ಹಂಚುವ ಪದ್ಧತಿಯೂ ಬಂತು. ಕಾಗದಪತ್ರ ಸಿದ್ಧವಿರಲಿಲ್ಲವೆಂದೋ, ಲಾರಿಗಳು ಬರಲಿಲ್ಲವೆಂದೋ ತೋರಿಸಿದರೆ ತಡ ಬಂದರಿನ ಖಾತೆಯಿಂದ ಜಾರಿಹೋಗುತ್ತದೆ. ಎರಡು ಖಾತೆಗಳ ನಡುವಿನ ಗಡಿಯನ್ನು ಯಾರು ಎಳೆಯುತ್ತಾರೆ ಎಂಬುದನ್ನು ನೋಡದೆ ಆ ಅಂಕಿಗಳನ್ನು ಓದಬಾರದು.

ನವ ಮಂಗಳೂರು ಬಂದರು ಈ ತಾಸಿನ ಯುಗದಲ್ಲೇ ಹುಟ್ಟಿತು. ಅಳಿವೆಯ ಹಂಗಿಲ್ಲದ, ಮಳೆಗಾಲದಲ್ಲೂ ತೆರೆದಿರುವ ಬಂದರು ಬೇಕೆಂದು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯ ದೆಹಲಿಯಲ್ಲಿ ಬಿಡದೆ ಹೋರಾಡಿದರು. 1962ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಕೆಲಸ ಆರಂಭವಾಯಿತು. ಮಲ್ಯರು 1965ರಲ್ಲಿ ತೀರಿಕೊಂಡರು. ದಡದ ನೆಲವನ್ನೇ ಅಗೆದು ಒಳಗೆ ಕೊಳದಂತೆ ಬಂದರು ಮಾಡಿ, ಕಡಲಿನ ತಳವನ್ನು ಕೊರೆದು ಹಾದಿ ಬಿಡಿಸಿದರು. ಅದಕ್ಕಾಗಿ ಪಣಂಬೂರಿನ ಅನೇಕ ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟವು. 1974ರ ಮೇ 4ರಂದು ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. 1963ರ ಪ್ರಮುಖ ಬಂದರು ಟ್ರಸ್ಟುಗಳ ಕಾಯ್ದೆ ಇದಕ್ಕೆ ಅನ್ವಯವಾದದ್ದು 1980ರ ಏಪ್ರಿಲ್ 1ರಿಂದ.

ಮುಂದಿನ ಕಥೆಯಲ್ಲಿ ಅಂಕಿಗಳು ಏರಿದ್ದು, ಇಳಿದದ್ದು ಬಂದರಿನ ಗೇಟಿನಿಂದ ದೂರದ ಕಾರಣಗಳಿಗೆ. ಕುದುರೆಮುಖದ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಇರಾನಿನ ಷಾ ಸರ್ಕಾರದ ಸಾಲ, ಇರಾನಿನ ಉಕ್ಕಿನ ಕಾರ್ಖಾನೆಗೆ ಅದಿರು ಎಂಬ ಒಪ್ಪಂದ ಅದರ ಹಿಂದೆ ಇತ್ತು. ಘಟ್ಟದ ಮೇಲಿನಿಂದ ಅದಿರಿನ ಪುಡಿ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಯಬೇಕು. 1979ರ ಇರಾನ್ ಕ್ರಾಂತಿ ಆ ಖರೀದಿದಾರನನ್ನೇ ಇಲ್ಲವಾಗಿಸಿತು. ಕಟ್ಟೆ ಸಿದ್ಧ, ಕೊಳವೆ ಸಿದ್ಧ, ಹಡಗಿಲ್ಲ. ಬೇರೆ ದೇಶಗಳ ಖರೀದಿದಾರರು ಸಿಕ್ಕಿ, 1987ರಲ್ಲಿ ಅದಿರಿನ ಪುಡಿಯನ್ನು ಉಂಡೆ ಮಾಡುವ ಕಾರ್ಖಾನೆ ಬಂದ ಮೇಲೆ ಅದಿರಿನ ಕಟ್ಟೆ ಚೇತರಿಸಿತು. 1996ರಲ್ಲಿ ಮಂಗಳೂರು ತೈಲ ಸಂಸ್ಕರಣಾಗಾರ ಉತ್ಪಾದನೆ ಆರಂಭಿಸಿದಾಗ ಕಚ್ಚಾತೈಲದ ಹಡಗುಗಳು ಬರತೊಡಗಿದವು, ಒಟ್ಟು ಟನ್ನುಗಳ ಲೆಕ್ಕ ಜಿಗಿಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು. ಆ ಜಾಗವನ್ನು ಬಳ್ಳಾರಿ-ಹೊಸಪೇಟೆಯ ಅದಿರು ಸ್ವಲ್ಪ ಕಾಲ ತುಂಬಿತು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿದಾಗ ಅದೂ ಹೋಯಿತು. 2023-24ರಲ್ಲಿ ಬಂದರು ದಾಟಿಸಿದ ಸರಕು 4.5 ಕೋಟಿ ಟನ್ನಿಗೂ ಹೆಚ್ಚು. ಅದರಲ್ಲಿ ತೈಲ ಮತ್ತು ಅನಿಲದ ಪಾಲೇ ದೊಡ್ಡದು.

ಇಲ್ಲಿ ಹೋಲಿಕೆಯ ಸಮಸ್ಯೆ ಎದ್ದು ಕಾಣುತ್ತದೆ. ತೈಲದ ಹಡಗಿಗೆ ಕೊಳವೆ ಜೋಡಿಸಿ ಪಂಪು ಹಾಕಿದರೆ ಒಂದು ದಿನದಲ್ಲಿ ದಾಟುವ ಟನ್ನುಗಳನ್ನು ಗ್ರಾನೈಟ್ ಬಂಡೆ, ಮರದ ದಿಮ್ಮಿ, ಗೊಬ್ಬರದ ಮೂಟೆ ಇಳಿಸುವ ತಂಡ ವಾರದಲ್ಲೂ ಮುಟ್ಟಲಾರದು. ತೈಲ ಹೆಚ್ಚಿರುವ ಬಂದರಿನ ತಲಾ ಉತ್ಪಾದನೆ ದೊಡ್ಡದಾಗಿಯೂ, ಬಿಡಿಸರಕಿನ ಬಂದರಿನದು ಚಿಕ್ಕದಾಗಿಯೂ ಕಾಣುವುದು ಸಹಜ. ಇದು ಕಾರ್ಮಿಕರ ಶ್ರದ್ಧೆಯ ಅಳತೆಯಲ್ಲ. 1966ರಲ್ಲಿ ಹುಟ್ಟಿದ ಭಾರತದ ಬಂದರುಗಳ ಸಂಘ ಎಲ್ಲ ಪ್ರಮುಖ ಬಂದರುಗಳ ಅಂಕಿಅಂಶಗಳನ್ನು ಒಂದೆಡೆ ತರುತ್ತಿದೆ. ಇಂಥ ಪಟ್ಟಿಗಳನ್ನು ಓದುವಾಗ ಸರಕಿನ ಬಗೆಯನ್ನು ಬೇರ್ಪಡಿಸದೆ ಯಾವ ಬಂದರು ಮುಂದೆ, ಯಾವುದು ಹಿಂದೆ ಎಂದು ಹೇಳುವುದು ಅನ್ಯಾಯ.

1990ರ ದಶಕದ ಆರಂಭದಲ್ಲಿ ಭಾರತದ ಪ್ರಮುಖ ಬಂದರುಗಳಲ್ಲಿ ಹಡಗಿನ ಸರಾಸರಿ ಟರ್ನ್ ರೌಂಡ್ ಸುಮಾರು 8 ದಿನ. ಉದಾರೀಕರಣದ ನಂತರ ಈ ಅಂಕಿ ಸರ್ಕಾರಕ್ಕೆ ಮುಜುಗರ ತಂದಿತು. 1997ರಲ್ಲಿ ಪ್ರಮುಖ ಬಂದರುಗಳ ಶುಲ್ಕ ಪ್ರಾಧಿಕಾರ ಬಂದು, ಬಂದರುಗಳು ಎಷ್ಟು ದರ ವಿಧಿಸಬಹುದೆಂದು ಹೊರಗಿನಿಂದ ನಿಗದಿಪಡಿಸಿತು. ಅದೇ ವರ್ಷ ಮುಂಬಯಿ ಬಳಿಯ ನವ ಶೇವಾದಲ್ಲಿ ಖಾಸಗಿ ಕಂಟೇನರ್ ಟರ್ಮಿನಲ್ಲಿಗೆ ಒಪ್ಪಂದವಾಯಿತು. ಬಂದರು ಭೂಮಾಲಿಕ, ಕೆಲಸ ಖಾಸಗಿಯವರದು ಎಂಬ ಮಾದರಿ ಅಲ್ಲಿಂದ ಹಬ್ಬಿತು. ಮೊದಮೊದಲ ದರಗಳು ಖರ್ಚಿನ ಮೇಲೆ ಲಾಭ ಸೇರಿಸುವ ಲೆಕ್ಕದವು. ಖರ್ಚು ಉಳಿಸಿದವನಿಗೆ ದರವೂ ಇಳಿಯುವುದರಿಂದ ಉಳಿಸುವ ಆಸಕ್ತಿ ಕುಂದುತ್ತಿತ್ತು. 2013ರ ಮತ್ತು 2015ರ ಮಾರ್ಗಸೂಚಿಗಳು ದರವನ್ನು ಕಾರ್ಯಕ್ಷಮತೆಗೆ ಕಟ್ಟಿಹಾಕಿದವು. ಇದರ ಜೊತೆಗೆ ಸರ್ಕಾರದ ಉನ್ನತಿ ಯೋಜನೆಯಲ್ಲಿ 12 ಪ್ರಮುಖ ಬಂದರುಗಳನ್ನು ಅಂತರರಾಷ್ಟ್ರೀಯ ಮಟ್ಟದ ಮಾನದಂಡಗಳಿಗೆ ಹೋಲಿಸಿ 116 ಸುಧಾರಣೆಗಳನ್ನು ಪಟ್ಟಿಮಾಡಲಾಯಿತು. 2016ರಲ್ಲಿ ಒಣ ಸರಕಿಗೆ ಹೊಸ ಕಟ್ಟೆ ನೀತಿ ಬಂದು, ಗೊತ್ತಾದ ಹೊತ್ತಿನಲ್ಲಿ ಕೆಲಸ ಮುಗಿಸದವರಿಗೆ ದಂಡ, ಬೇಗ ಮುಗಿಸಿದವರಿಗೆ ಬಹುಮಾನ ಎಂಬ ನಿಯಮವಾಯಿತು. ಸರಾಸರಿ ಟರ್ನ್ ರೌಂಡ್ 2013-14ರಲ್ಲಿ 94 ತಾಸಿನ ಹತ್ತಿರವಿದ್ದದ್ದು 2023-24ಕ್ಕೆ 48 ತಾಸಿನಷ್ಟಾಯಿತು. 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ ಅದೇ ವರ್ಷದ ನವೆಂಬರಿನಲ್ಲಿ ಜಾರಿಯಾಗಿ, ಟ್ರಸ್ಟುಗಳು ಪ್ರಾಧಿಕಾರಗಳಾದವು. ದರ ನಿಗದಿಯ ಅಧಿಕಾರ ಬಂದರಿನ ಮಂಡಳಿಗೇ ಮರಳಿತು.

ಪ್ರವಾಸಿ ಹಡಗಿನ ಚರಿತ್ರೆ ಇದಕ್ಕೆ ಸಮಾನಾಂತರವಾಗಿ, ಬಹುಕಾಲ ಬೇರೆಯಾಗಿ ಸಾಗಿತು. 1844ರಲ್ಲಿ ಪಿ ಅಂಡ್ ಓ ಕಂಪನಿ ಮೆಡಿಟರೇನಿಯನ್ನಿಗೆ ವಿಹಾರದ ಪ್ರಯಾಣಿಕರನ್ನು ಒಯ್ದಿತು. 1891ರಲ್ಲಿ ಹ್ಯಾಂಬರ್ಗಿನ ಆಲ್ಬರ್ಟ್ ಬಾಲಿನ್, ಚಳಿಗಾಲದಲ್ಲಿ ಪ್ರಯಾಣಿಕರಿಲ್ಲದೆ ನಿಲ್ಲುತ್ತಿದ್ದ ಆಗಸ್ಟಾ ವಿಕ್ಟೋರಿಯಾ ಹಡಗನ್ನು ವಿಹಾರಕ್ಕೆ ಕಳಿಸಿದ. ಸಾಗರ ದಾಟಿಸುವ ಕೆಲಸವನ್ನು ವಿಮಾನ ಕಸಿದುಕೊಂಡ ಮೇಲೆ, 1960ರ ಮತ್ತು 70ರ ದಶಕಗಳಲ್ಲಿ ಮಯಾಮಿ ಬಂದರು ಕೆರಿಬಿಯನ್ ವಿಹಾರದ ಕೇಂದ್ರವಾಯಿತು. 2019ರಲ್ಲಿ ಲೋಕದಾದ್ಯಂತ ಸುಮಾರು 3 ಕೋಟಿ ಜನ ಹೀಗೆ ವಿಹಾರ ಹೊರಟರು.

ಪ್ರವಾಸಿ ಹಡಗು ಬಂದರಿನ ಹಳೆಯ ಅಳತೆಗಳಲ್ಲಿ ಒಂದಕ್ಕೂ ಸರಿಯಾಗಿ ಒಗ್ಗುವುದಿಲ್ಲ. ಅದು ಇಳಿಸುವ ಸರಕು ಹೆಚ್ಚುಕಡಿಮೆ ಸೊನ್ನೆ. ಆದ್ದರಿಂದ ಹಡಗು-ದಿನದ ಉತ್ಪಾದನೆಯಲ್ಲಿ ಅದು ಕಟ್ಟೆಯನ್ನು ವ್ಯರ್ಥ ಮಾಡಿದಂತೆ ಕಾಣುತ್ತದೆ. ತಾಸಿನ ವಿಷಯದಲ್ಲಂತೂ ಲೆಕ್ಕ ತಲೆಕೆಳಗು. ಅದಿರಿನ ಹಡಗು ಬೇಗ ಹೊರಟಷ್ಟೂ ಒಳ್ಳೆಯದು. ಪ್ರವಾಸಿ ಹಡಗು ಬೇಗ ಹೊರಟರೆ ಊರಿಗೆ ನಷ್ಟ. ನವ ಮಂಗಳೂರಿಗೆ ಅಕ್ಟೋಬರ್-ನವೆಂಬರಿನಿಂದ ಬೇಸಗೆಯವರೆಗಿನ ಋತುವಿನಲ್ಲಿ ಬರುವ ಹಡಗುಗಳು ಸಾಮಾನ್ಯವಾಗಿ ಬೆಳಗ್ಗೆ ತಾಗಿ ಸಂಜೆಗೆ ಬಿಡುತ್ತವೆ. ಆ ಹಗಲಿನಲ್ಲಿ ಪ್ರವಾಸಿಗರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಆಂಟೋನಿಯೋ ಮೊಸ್ಕೇನಿ ಬಿಡಿಸಿದ ಚಿತ್ರಗಳ ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಪಿಲಿಕುಳದ ಕುಶಲಕರ್ಮಿಗಳ ಹಳ್ಳಿ, ನಗರದ ಮಾರುಕಟ್ಟೆ ನೋಡುತ್ತಾರೆ. ಕಟ್ಟೆಯ ಬಳಿ ಯಕ್ಷಗಾನದ ವೇಷಗಳು ಸ್ವಾಗತಿಸುತ್ತವೆ. ಇಮಿಗ್ರೇಷನ್ ಕೌಂಟರಿನಲ್ಲಿ ಒಂದು ತಾಸು ಹೆಚ್ಚು ಹಿಡಿದರೆ ಮೂಡುಬಿದಿರೆಯ ದಾರಿ ಕೈಬಿಡಬೇಕಾಗುತ್ತದೆ. ಬಸ್ಸಿನವನು, ಟ್ಯಾಕ್ಸಿ ಮತ್ತು ಆಟೋ ಚಾಲಕ, ಮಾರ್ಗದರ್ಶಿ, ಗೋಡಂಬಿ ಮಾರುವವನು ಗಳಿಸಿದ ಹಣ ಬಂದರಿನ ಆದಾಯದಲ್ಲಿ ಕಾಣುವುದಿಲ್ಲ. ಬಂದರಿನ ಪುಸ್ತಕದಲ್ಲಿ ಉಳಿಯುವುದು ಕಟ್ಟೆಯ ಬಾಡಿಗೆ ಮತ್ತು ತಲೆಯೆಣಿಕೆ ಮಾತ್ರ. ಲಾಭ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಇರುವುದರಿಂದಲೇ ಅನೇಕ ಬಂದರುಗಳು ಬಹುಕಾಲ ಪ್ರವಾಸಿ ಹಡಗನ್ನು ಸರಕಿನ ಹಡಗಿನ ನಂತರದ ಅತಿಥಿಯಾಗಿ ಕಂಡವು.

ಭಾರತ ಸರ್ಕಾರ 2008ರಲ್ಲಿ ಪ್ರವಾಸಿ ಹಡಗುಗಳಿಗೆಂದೇ ನೀತಿಯೊಂದನ್ನು ಒಪ್ಪಿತು. ಮುಂದೆ ಇ-ವೀಸಾದ ಸೌಲಭ್ಯ ಮುಂಬಯಿ, ಮರ್ಮಗೋವಾ, ಕೊಚ್ಚಿ, ಚೆನ್ನೈಗಳ ಜೊತೆಗೆ ನವ ಮಂಗಳೂರಿಗೂ ಸಿಕ್ಕಿತು. ಶುಲ್ಕದ ಆಧಾರವನ್ನೇ ಬದಲಿಸಿದ ನಿರ್ಧಾರ 2020ರ ಆಗಸ್ಟಿನಲ್ಲಿ ಬಂತು. ಅಲ್ಲಿಯವರೆಗೆ ಹಡಗಿನ ಪ್ರತಿ ಒಟ್ಟು ಟನ್ನಿಗೆ 0.35 ಡಾಲರ್ ಇದ್ದ ದರವನ್ನು ಮೊದಲ 12 ತಾಸಿಗೆ 0.085 ಡಾಲರಿಗೆ ಇಳಿಸಿ, ಅದರ ಮೇಲೆ ಪ್ರತಿ ಪ್ರವಾಸಿಗೆ 5 ಡಾಲರ್ ಸೇರಿಸಲಾಯಿತು. 50,000 ಟನ್ನೇಜಿನ, 1,000 ಪ್ರವಾಸಿಗರಿರುವ ಹಡಗನ್ನು ಉದಾಹರಣೆಯಾಗಿ ಹಿಡಿದರೆ, ಹಳೆಯ ದರದಲ್ಲಿ 17,500 ಡಾಲರ್, ಹೊಸದರಲ್ಲಿ 4,250 ಮತ್ತು 5,000 ಸೇರಿ 9,250 ಡಾಲರ್. ಅರ್ಧ ಖಾಲಿ ಬಂದರೆ ಇನ್ನೂ 2,500 ಡಾಲರ್ ಕಡಿಮೆ. ಹಡಗಿನ ಖಾಲಿ ಜಾಗಕ್ಕೆ ಕಟ್ಟುತ್ತಿದ್ದ ಹಣದ ದೊಡ್ಡ ಭಾಗ ಬಂದ ಜನರಿಗೆ ತಕ್ಕಂತಾಯಿತು. 1854ರಿಂದ ಹರಿದುಬಂದ ಜಾಗದ ಲೆಕ್ಕದಿಂದ ಭಾರತದ ಬಂದರುಗಳು ಹೊರಳಿದ್ದು ಇಲ್ಲಿ. ನಷ್ಟದ ಅಪಾಯದಲ್ಲಿ ಬಂದರೂ ಹಡಗಿನ ಕಂಪನಿಯೂ ಪಾಲು ಹಂಚಿಕೊಳ್ಳುವ ಈ ಕ್ರಮ ಹಳೆಯದಕ್ಕಿಂತ ನ್ಯಾಯವಾದದ್ದು.

ಆ ನಿರ್ಧಾರ ಬಂದ ಹೊತ್ತಿಗೆ ಹಡಗುಗಳೇ ಇರಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಭಯದಿಂದ ಎಂಎಸ್‌ಸಿ ಲಿರಿಕಾ ಹಡಗಿಗೆ ನವ ಮಂಗಳೂರಿನಲ್ಲಿ ಪ್ರವೇಶ ಸಿಗಲಿಲ್ಲ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದ ನಂತರ, 2022ರ ನವೆಂಬರ್ 28ರಂದು ಯುರೋಪಾ 2 ಹಡಗಿನ ಆಗಮನದಿಂದ ಋತು ಮತ್ತೆ ಆರಂಭವಾಯಿತು.

ತಲೆಯೆಣಿಕೆ ಹೆಚ್ಚುವುದೇ ಗೆಲುವು ಎಂಬ ನಂಬಿಕೆಯನ್ನು ಇದೇ ಕಾಲದಲ್ಲಿ ಯೂರೋಪ್ ಮತ್ತು ಅಮೆರಿಕದ ಕೆಲವು ಬಂದರುಗಳು ಪ್ರಶ್ನಿಸಿದವು. ವೆನಿಸ್ ನಗರದ ಜಲಮಾರ್ಗದಲ್ಲಿ 2021ರ ಆಗಸ್ಟ್ 1ರಿಂದ 25,000 ಟನ್ನೇಜ್ ಅಥವಾ 180 ಮೀಟರ್ ಉದ್ದ ಮೀರಿದ ಹಡಗುಗಳಿಗೆ ತಡೆ ಬಂತು. ಕ್ರೊಯೇಷಿಯಾದ ಡುಬ್ರೋವ್ನಿಕ್ ಒಂದೇ ಸಮಯಕ್ಕೆ ಎರಡು ಹಡಗುಗಳಿಗಿಂತ ಹೆಚ್ಚು ಬೇಡವೆಂದು ಹಡಗಿನ ಕಂಪನಿಗಳ ಸಂಘದೊಡನೆ ಒಪ್ಪಂದ ಮಾಡಿಕೊಂಡಿತು. ಅಲಾಸ್ಕಾದ ಜೂನೋ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಹಾಕಿ, ಆಮೇಲೆ ಪ್ರವಾಸಿಗರ ಸಂಖ್ಯೆಗೂ ಗಡಿ ಎಳೆಯಿತು. ಊರು ಎಷ್ಟು ಜನರನ್ನು ಸಂಕಟವಿಲ್ಲದೆ ಬರಮಾಡಿಕೊಳ್ಳಬಲ್ಲದು ಎಂಬುದನ್ನು ಅಳತೆಯ ಪಟ್ಟಿಗೆ ಸೇರಿಸಿದವರು ಇವರು. 1430ರಲ್ಲಿ ಕಟ್ಟಿದ ಬಸದಿಯ ಅಂಗಳಕ್ಕೆ ಒಂದೇ ಹಗಲಿನಲ್ಲಿ ಹತ್ತಾರು ಬಸ್ಸು ಬಂದು ನಿಲ್ಲುವ ಮೂಡುಬಿದಿರೆಗೂ ಈ ಅಳತೆ ಬೇಕಾದದ್ದೇ.

ಭಾರತದಲ್ಲಾದರೋ, 2024ರ ಸೆಪ್ಟೆಂಬರ್ 30ರಂದು ಕೇಂದ್ರ ಬಂದರು ಸಚಿವ ಸರ್ಬಾನಂದ ಸೋನೊವಾಲ್ ಮುಂಬಯಿಯಲ್ಲಿ ಕ್ರೂಸ್ ಭಾರತ್ ಮಿಷನ್ ಆರಂಭಿಸಿದರು. 2029ರ ಹೊತ್ತಿಗೆ ಪ್ರವಾಸಿ ಹಡಗುಗಳ ಪ್ರಯಾಣಿಕರ ಸಂಖ್ಯೆಯನ್ನು ಇಮ್ಮಡಿಗೊಳಿಸುವುದು ಅದರ ಗುರಿ. ಮೊದಲ ಹಂತದಲ್ಲಿ 2025ರ ಸೆಪ್ಟೆಂಬರ್‌ವರೆಗೆ ಅಧ್ಯಯನ ಮತ್ತು ಯೋಜನೆ, 2027ರ ಮಾರ್ಚ್‌ವರೆಗಿನ ಎರಡನೆಯ ಹಂತದಲ್ಲಿ ಹೊಸ ಟರ್ಮಿನಲ್‌ಗಳು, 2029ರ ಮಾರ್ಚ್‌ವರೆಗಿನ ಮೂರನೆಯ ಹಂತದಲ್ಲಿ ಎಲ್ಲ ಮಾರ್ಗಗಳ ಜೋಡಣೆ ಎಂದು ಅದನ್ನು ವಿಂಗಡಿಸಲಾಗಿದೆ.